ಬಿಟ್ಟದ್ದನ್ನೂ ಬರೀರಿ

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇದೆ. ಈ ಮೇ ತಿಂಗಳ ಒಂದು ಚೌಕದಲ್ಲಿ ನಾನು ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದೆ: "ಮಾಳಿಗೆಯ ಮೇಲೆ ಹೂವಿನ ಕುಂಡಗಳು. ಬಿಟ್ಟದ್ದು: ಹಪ್ಪಳ ಒಣಗಿಸುವ ಜಾಗ."

ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಸೊಸೆ ರೂಪಾ ಅದನ್ನು ಓದಿ, "ಮಾವಾರ, ಮಾಡಿದ್ದು ಬರಿಯೂದು ಸರಿ. ಬಿಟ್ಟದ್ದನ್ನ ಯಾಕ ಬರೀತೀರಿ?" ಎಂದು ಕೇಳಿದಳು.

ಒಳಗಿನಿಂದ ನನ್ನ ಹೆಂಡತಿಯ ಉತ್ತರ ಬಂತು. "ಅದೊಂದು ಅವರಿಗೆ ಹಳೇ ರೋಗ. ಟಿವಿ ತಂದ ದಿನಾ 'ಬಿಟ್ಟದ್ದು: ಗೋಕರ್ಣಕ್ಕ ಹೋಗೂದು' ಅಂತ ಬರದಿದ್ರು. ಇಪ್ಪತ್ತ ವರ್ಷ ಆತು, ಗೋಕರ್ಣ ಇನ್ನೂ ಅಲ್ಲೇ ಐತಿ, ನಾವೂ ಇಲ್ಲೇ ಅದೀವಿ."

ರೋಗದ ಮೂಲವನ್ನು ಹೇಳಬೇಕೆನ್ನುವಷ್ಟರಲ್ಲಿ ಮಳೆ ಹನಿಯತೊಡಗಿತು. ಕುಂಡಗಳಿಗೆಂದು ರೂಪಾ ಆರು ಚೀಲ ಕೆರೆಯ ಹೂಳು ತರಿಸಿದ್ದಳು. ಚೀಲ ಒಳಗಿಡಲು ಎಲ್ಲರೂ ಮಾಳಿಗೆಗೆ ಓಡಿದೆವು. ಬಾಯಿ ಬಿಚ್ಚಿದ್ದ ಒಂದು ಚೀಲದ ಮೇಲೆ ನಾಲ್ಕು ಹನಿ ಬಿದ್ದು ವಾಸನೆ ಎದ್ದಿತು. ಸ್ವಲ್ಪ ಕೆಸರು, ಸ್ವಲ್ಪ ಮೀನು, ಸ್ವಲ್ಪ ಕೊಳೆತ ಹುಲ್ಲು. ಮೂಗು ಮುಚ್ಚಿಕೊಳ್ಳಬೇಕಾದ ವಾಸನೆಯೇ. ನಾನು ಮಾತ್ರ ಆ ಚೀಲದ ಬಾಜು ಮಳೆಯಲ್ಲೇ ಕುಳಿತುಬಿಟ್ಟೆ. ಹೆಂಡತಿ ಕೆಳಗಿನಿಂದ ನಾಲ್ಕು ಸಲ ಕೂಗಿದಳಂತೆ.

ಮಂಡಲ ಪಂಚಾಯಿತಿಗಳು ಬಂದ ಹೊಸತು ಅದು. ನನಗೆ ಇಪ್ಪತ್ನಾಲ್ಕು ವರ್ಷ. ಡಿಪ್ಲೊಮಾ ಮುಗಿಸಿ ವರ್ಕ್ ಇನ್ಸ್‌ಪೆಕ್ಟರ್ ಆಗಿ ಸೇರಿದವನನ್ನು ನವಲಗುಂದ ತಾಲೂಕಿನ ಎರೆಕೊಪ್ಪ ಎಂಬ ಊರಿಗೆ ಹಾಕಿದರು. ಅಣ್ಣಿಗೇರಿಯಲ್ಲಿ ರೈಲು ಇಳಿದು, ಬಸ್ಸು ಹಿಡಿದು, ಡಾಂಬರು ರಸ್ತೆಯ ಮೇಲೆ ಒಂದು ಬೇವಿನ ಮರದ ಕೆಳಗೆ ಇಳಿಯಬೇಕು. ಅಲ್ಲಿಂದ ಒಂದೂವರೆ ಮೈಲಿ ಎರೆಹೊಲದ ನಡುವಿನ ಗಾಡಿದಾರಿ. ಬೇಸಿಗೆಯಲ್ಲಿ ಆ ನೆಲ ಕಾಲು ಹೋಗುವಷ್ಟು ಅಗಲ ಬಿರಿದಿರುತ್ತದೆ. ಮಳೆ ಬಿತ್ತೆಂದರೆ ಒಂದೊಂದು ಹೆಜ್ಜೆಗೂ ಅರ್ಧ ಸೇರು ಮಣ್ಣು ಪಾದಕ್ಕೆ ಅಂಟಿಕೊಂಡು, ಚಪ್ಪಲಿ ಕೈಗೆ ಬರುತ್ತದೆ. ನಾಯಿಗೆ ಹೊಡೆಯೋಣವೆಂದರೆ ಒಂದು ಕಲ್ಲು ಸಿಗುವುದಿಲ್ಲ. ಬಾವಿ ತೋಡಿದರೆ ಸವಳು ನೀರು. ಕುಡಿಯುವುದಕ್ಕೆ ಊರ ಮುಂದಿನ ಕೆರೆಯೊಂದೇ ಗತಿ.

ನಾನು ಹುಬ್ಬಳ್ಳಿಯವನು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅಲ್ಲಿಯ ಸೈರನ್ನಿಗೆ ಭೋಂಗಾ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ವಾರ ಎಂದರೆ ಭೋಂಗಾ ಊದುವ ಆರು ದಿನ, ರಜೆ ಎಂದರೆ ಭೋಂಗಾ ಊದದ ರವಿವಾರ. ಎತ್ತುಗಳನ್ನು ನಾನು ಪೇಟೆಯಲ್ಲಿ ದೂರದಿಂದ ನೋಡಿದ್ದೆನೇ ಹೊರತು, ಅವುಗಳ ಸಂಗಡ ಯಾವ ವ್ಯವಹಾರವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದೆಲ್ಲ ಇದರಿಂದಲೇ ಆದದ್ದು.

ಆ ಬೇಸಿಗೆ ಊರಿಗೆ ಸರಕಾರದಿಂದ ನಲವತ್ತು ದಿನದ ಕೆಲಸ ಮಂಜೂರಾಗಿತ್ತು. ಆಳಿಗೂ ಗಾಡಿಗೂ ಕೂಲಿಯ ಒಂದು ಪಾಲು ಧಾನ್ಯವಾಗಿ ಬರುತ್ತಿತ್ತು. ನಲವತ್ತು ದಿನ ಮುಗಿಯುವ ಹೊತ್ತಿಗೆ ಮುಂಗಾರು ಬರುತ್ತದೆ, ಎತ್ತು ಆಳು ಎರಡೂ ಹೊಲಕ್ಕೆ ಹೋಗುತ್ತವೆ. ಆಗಬೇಕಾದ ಕೆಲಸಗಳೂ ಎರಡು. ಒಂದು, ಹೂಳು ತುಂಬಿ ತಟ್ಟೆಯಂತಾಗಿದ್ದ ಕೆರೆಯನ್ನು ತೋಡುವುದು. ಹಿಂದಿನ ಬೇಸಿಗೆಯಲ್ಲಿ ಹೆಂಗಸರು ಕೆರೆಯಂಗಳದಲ್ಲಿ ವರತಿ ತೋಡಿ, ಗುಂಡಿಯಲ್ಲಿ ಜಿನುಗುವ ನೀರನ್ನು ತೆಂಗಿನ ಚಿಪ್ಪಿನಿಂದ ಕೊಡಕ್ಕೆ ತುಂಬಿದ್ದರು. ಎರಡು, ಡಾಂಬರು ರಸ್ತೆಯಿಂದ ಊರಿನವರೆಗೆ ಗಾಡಿದಾರಿಗೆ ಗರಸು ಹಾಕುವುದು. ಗರಸು ಎಂದರೆ ಕೆಂಪು ಹರಳುಮಣ್ಣು. ಅದು ಬರಬೇಕಾದದ್ದು ಡಾಂಬರು ರಸ್ತೆಯ ಆಚೆಗಿನ ಮಡ್ಡಿಯಿಂದ, ಅಂದರೆ ಗಟ್ಟಿ ನೆಲದ ದಿಬ್ಬದಿಂದ. ಎರಡೂ ಕೆಲಸಕ್ಕೆ ಇದ್ದದ್ದು ಊರಿನ ಅವೇ ಮೂವತ್ತು ಚಕ್ಕಡಿ, ಅಂದರೆ ಎತ್ತಿನ ಗಾಡಿ.

ನಾನು ಗ್ರಾಫ್ ಹಾಳೆ ತೆಗೆದೆ. ಅಡ್ಡಕ್ಕೆ ಕೆರೆಯಿಂದ ತೆಗೆಯುವ ಹೂಳು, ಉದ್ದಕ್ಕೆ ರಸ್ತೆಗೆ ಬೀಳುವ ಗರಸು, ನಡುವೆ ಬಾಗಿದ ಒಂದು ಗೆರೆ. ಗೆರೆಯ ಒಳಗಿರುವುದೆಲ್ಲ ಊರಿಗೆ ಸಾಧ್ಯ, ಗೆರೆಯ ಹೊರಗಿರುವುದು ಅಸಾಧ್ಯ. ಕೆರೆಗೆ ಒಂದು ಗಾಡಿ ಕಳಿಸಿದರೆ ರಸ್ತೆಗೆ ಎಷ್ಟು ಗರಸು ತಪ್ಪುತ್ತದೆ ಎಂಬುದು ಆ ಗೆರೆಯನ್ನು ನೋಡಿದರೆ ತಿಳಿಯುತ್ತಿತ್ತು. ಮೇಲಿನ ಒಣಹೂಳು ಸುಲಭ, ಕೆಳಗಿನ ಅಂಟುಹೂಳು ಕಷ್ಟ. ಮಡ್ಡಿಯ ಹತ್ತಿರದ ರಸ್ತೆ ಸುಲಭ, ಊರ ಹತ್ತಿರದ್ದು ದೂರದ ಸಾಗಾಟ. ಅದಕ್ಕೇ ಗೆರೆ ಬಾಗಿತ್ತು. ಮೂರು ದಿನ ಕುಳಿತು ಕೂಡಿಸಿ ಕಳೆದಾಗ ಪೂರ್ತಿ ಕೆರೆ, ಪೂರ್ತಿ ರಸ್ತೆ ಎರಡೂ ಸರಿಯಾಗಿ ಆ ಗೆರೆಯ ಮೇಲೆ ಬಂದು ಕುಳಿತವು. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ನನಗಾದ ಖುಷಿಯನ್ನು ಹೇಳಲಾರೆ. ನಲವತ್ತೂ ದಿನ ಕೆಲಸ, ರವಿವಾರವೂ ಹುಬ್ಬಳ್ಳಿಗೆ ಹೋಗುವುದಿಲ್ಲ ಎಂದು ನಾನು ದೊಡ್ಡ ಮನಸ್ಸಿನಿಂದ ನಿಶ್ಚಯ ಮಾಡಿಬಿಟ್ಟೆ.

ಚಾವಡಿಯಲ್ಲಿ ಸಭೆ ಸೇರಿತು. ಪಂಚಾಯಿತಿಯ ಪ್ರಧಾನರು ಬಸಲಿಂಗಪ್ಪನವರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಎಲ್ಲದಕ್ಕೂ ಹೂಂ ಎನ್ನುವ ಮನುಷ್ಯ. ಬಾಯಲ್ಲಿ ಸದಾ ಎಲೆ ಅಡಿಕೆ ಇರುತ್ತಿದ್ದುದರಿಂದ ಅವರಿಗೆ ಅದು ಅನುಕೂಲವೂ ಆಗಿತ್ತು. ಗಾಡಿಯವರ ಪರವಾಗಿ ಹುಸೇನಸಾಬರು ಬಂದಿದ್ದರು. ಮೆಣಸಿನಕಾಯಿ ಬೆಳೆಯುವ ರೈತ, ಅರವತ್ತರ ಆಸುಪಾಸು. ಊರೆಲ್ಲ ಅವರಿಗೆ ಕಾಕಾ ಎನ್ನುತ್ತಿತ್ತು. ಹೆಂಗಸರ ಜಾಗದಿಂದ ಆರಿಸಿ ಬಂದ ಸದಸ್ಯೆ ಪಾರವ್ವ ಕಂಬಕ್ಕೆ ಒರಗಿ ಕುಳಿತಿದ್ದರು. ಗಂಡ ತೀರಿಕೊಂಡ ಮೇಲೆ ಮೂರು ಎಮ್ಮೆ ಕಟ್ಟಿ ಸಂಸಾರ ನಡೆಸಿದವರು. ದಿನಾ ಬೆಳಿಗ್ಗೆ ಹಾಲಿನ ಕ್ಯಾನು ತಲೆಯ ಮೇಲೆ ಹೊತ್ತು, ಡಾಂಬರು ರಸ್ತೆಯ ಬೇವಿನ ಮರದವರೆಗೆ ನಡೆದು, ಡೇರಿಯ ವ್ಯಾನಿಗೆ ಹಾಕಿ ಬರುತ್ತಿದ್ದರು. ಗರಸು ಬಿದ್ದರೆ ಊರೊಳಗೇ ವ್ಯಾನು ತರುತ್ತೇನೆ ಎಂದು ಡ್ರೈವರ್ ಮಾತು ಕೊಟ್ಟಿದ್ದ. ಮೂರರಲ್ಲಿ ಎರಡು ಎಮ್ಮೆಗಳು ಆಷಾಢದಲ್ಲಿ ಈಯಲಿದ್ದವು. ಹಾಲು ಹೆಚ್ಚುವುದೂ ದಾರಿ ಕೆಸರಾಗುವುದೂ ಒಂದೇ ಹೊತ್ತಿಗೆ.

ನಾನು ಹಾಳೆ ಬಿಡಿಸಿ ವಿವರಿಸಿದೆ. ಎರಡೂ ಆಗುತ್ತವೆ ಎಂದ ಕೂಡಲೇ ಪ್ರಧಾನರು ಹೂಂ ಎಂದರು. ಎಲ್ಲರ ಮುಖವೂ ಅರಳಿತು. ಪಾರವ್ವ ಮಾತ್ರ ಹಾಳೆಯನ್ನೇ ನೋಡುತ್ತ, "ಎಲ್ಲಾರ್ನೂ ಕೇಳೀರಿ ಸಾಹೇಬ್ರ. ಎತ್ತಿನ್ನ ಕೇಳೀರೇನು?" ಎಂದರು.

ಚಾವಡಿಯೆಲ್ಲ ನಕ್ಕಿತು. ತಮಾಷೆ ಎಂದುಕೊಂಡು ನಾನೂ ನಕ್ಕೆ.

ಕೆಲಸ ಗುರುವಾರ ಸುರುವಾಯಿತು. ಹದಿನೆಂಟು ಗಾಡಿ ಗರಸಿಗೆ, ಹನ್ನೆರಡು ಕೆರೆಗೆ. ನಾಲ್ಕು ದಿನ ಗಡಿಯಾರದ ಹಾಗೆ ನಡೆಯಿತು. ರವಿವಾರ ಅಮ್ಮನ ಕೈಯ ಊಟವನ್ನು ತ್ಯಾಗ ಮಾಡಿ ಬಿಸಿಲಿನಲ್ಲಿ ನಿಂತಿದ್ದ ನನ್ನನ್ನು ನಾನೇ ಮೆಚ್ಚಿಕೊಂಡೆ. ಐದನೆಯ ದಿನ ಬೆಳಿಗ್ಗೆ ಆರಕ್ಕೆ ಕೆರೆಯ ಏರಿಯ ಮೇಲೆ ಹೋಗಿ ನೋಡುತ್ತೇನೆ, ಒಂದು ಗಾಡಿಯೂ ಇಲ್ಲ. ಏಳಾಯಿತು, ಎಂಟಾಯಿತು. ಟೇಪು ಹಿಡಿದುಕೊಂಡೇ ಹುಸೇನಸಾಬರ ಮನೆಗೆ ಹೋದೆ. ಅವರು ಹಿತ್ತಲಿನಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದರು.

"ಕಾಕಾ, ಗಾಡಿ ಯಾಕ ಬಂದಿಲ್ರಿ?"

"ಇವತ್ತು ಸೋಮಾರ್ರಿ."

ನನಗೆ ಸೋಮಾರಿ ಎಂದು ಕೇಳಿಸಿತು. ಯಾರನ್ನು ಅನ್ನುತ್ತಿದ್ದಾರೆ, ತಮ್ಮನ್ನೋ ನನ್ನನ್ನೋ ಎಂದು ಒಂದು ಕ್ಷಣ ಗೊಂದಲವಾಯಿತು. ನನ್ನ ಮುಖ ನೋಡಿ ಅವರು ಬಿಡಿಸಿ ಹೇಳಿದರು. "ಸೋಮವಾರ್ರಿ ಸಾಹೇಬ್ರ. ಬಸವಣ್ಣನ ವಾರ. ಎತ್ತು ಹೂಡೂದಿಲ್ಲ."

"ಊರಾಗ ಯಾರೂ ಹೂಡೂದಿಲ್ಲ?"

"ಯಾರೂ ಇಲ್ರಿ."

ನಾನು ಬುದ್ಧಿವಂತನಲ್ಲವೇ. "ಆದ್ರ ಕಾಕಾ, ನಿಮ್ಮ ಮಂದಿದು ಎಂಟು ಗಾಡಿ ಅದಾವಲ್ರಿ, ಅವರ..." ಎಂದು ತಡವರಿಸಿದೆ.

ಅವರು ಎತ್ತಿನ ಬೆನ್ನಿನ ಮೇಲೆ ನೀರು ಸುರಿಯುತ್ತ, ನನ್ನ ಕಡೆ ನೋಡದೆಯೇ ಹೇಳಿದರು. "ನಾನು ಅಲ್ಲಾಂದ್ರಿ. ಎತ್ತು ಬಸವಣ್ಣಂದು. ಅದರ ಸೂಟಿ ನಾ ಹ್ಯಾಂಗ ಕಸಗೊಳ್ಳಿ?"

ಆ ಎತ್ತುಗಳು ನೆರಳಿನಲ್ಲಿ ನಿಂತು ನಿಧಾನವಾಗಿ ಮೆಲುಕು ಹಾಕುತ್ತಿದ್ದವು. ನಾನು ಅಲ್ಲೇ ಗೋದಲಿಯ ಕಟ್ಟೆಯ ಮೇಲೆ ಕುಳಿತು ಬೆರಳು ಮಡಚಿದೆ. ಗುರುವಾರದಿಂದ ನಲವತ್ತು ದಿನವೆಂದರೆ ಸೋಮವಾರಗಳು ಆರು. ಬಾದಾಮಿ ಅಮಾವಾಸ್ಯೆಗೂ ಹೂಡುವುದಿಲ್ಲವೆಂದರು, ಅಲ್ಲಿಗೆ ಏಳು. ಏಳು ದಿನ, ಮೂವತ್ತು ಗಾಡಿ. ನನ್ನ ರವಿವಾರ ನನಗೆ ಎಷ್ಟು ದೊಡ್ಡದಾಗಿ ಕಂಡಿತ್ತೆಂದರೆ ಇನ್ನೊಬ್ಬರಿಗೊಂದು ಸೋಮವಾರ ಇರಬಹುದೆಂದು ಹೊಳೆದಿರಲೇ ಇಲ್ಲ. ಹಾಳೆಯ ಮೇಲಿನ ಗೆರೆ ಒಳಕ್ಕೆ ಸರಿಯಿತು. ಕೆರೆ ಮತ್ತು ರಸ್ತೆ ಎರಡೂ ಹೊರಗೆ ಉಳಿದವು.

ಅದನ್ನು ಆಗಲೇ ಹೇಳಿದ್ದರೆ ನಾನು ಒಳ್ಳೆಯವನಾಗುತ್ತಿದ್ದೆ. ಹೇಳಲಿಲ್ಲ. ಗಾಡಿಗೆ ಇನ್ನೊಂದು ಬುಟ್ಟಿ ಹೆಚ್ಚು ಹಾಕಿಸಿದರೆ, ಬೆಳಿಗ್ಗೆ ಅರ್ಧ ತಾಸು ಮೊದಲು ಹೂಡಿಸಿದರೆ ಸರಿಹೋದೀತು ಎಂದು ಎರಡು ವಾರ ಒದ್ದಾಡಿದೆ. ಹೆಚ್ಚು ಹೇರಿದ ಒಂದು ಗಾಡಿಯ ಅಚ್ಚು ಮುರಿಯಿತು. ಮೂರನೆಯ ಸೋಮವಾರ, ಹೇಗೂ ಗಾಡಿಗಳು ನಿಂತ ದಿನವೆಂದು, ಪ್ರಧಾನರಿಗೆ ಹೇಳಿ ಸಂಜೆ ನಾಲ್ಕಕ್ಕೆ ಸಭೆ ಕರೆಸಿದೆ. ಎದ್ದು ನಿಂತು, "ನನ್ನ ಹಿಶೇಬದಾಗ ಸೋಮವಾರ ಇರಲಿಲ್ರಿ. ತಪ್ಪು ನಂದು. ಎರಡೂ ಆಗೂದಿಲ್ಲ" ಎಂದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಪ್ರಧಾನರು ಜೀವಮಾನದಲ್ಲಿ ಮೊದಲ ಸಲ ಹೂಂ ಎನ್ನದೆ ಎಲೆ ಅಡಿಕೆ ಉಗುಳಿ ಬಂದು ಕುಳಿತರು. "ಈಗೇನ್ ಮಾಡೂಣು?"

ಅಷ್ಟೊತ್ತಿಗೆ ಡಾಂಬರಿನ ಕಡೆಯಿಂದ ಮುಕ್ಕಾಲು ಮೈಲಿ ಗರಸು ಬಿದ್ದಿತ್ತು. ಕೆರೆ ಅರ್ಧ ಆಗಿತ್ತು. ಗಾಡಿ ಹೂಡುವ ದಿನ ಉಳಿದದ್ದು ಹದಿನೇಳು. ಮೂವತ್ತೂ ಗಾಡಿಯನ್ನು ಒಂದೇ ಕಡೆ ಹಾಕಿದರೆ ಒಂದು ಕೆಲಸ ಮುಗಿಯುತ್ತಿತ್ತು.

"ರಸ್ತಾ ಮುಗಸೂಣ್ರಿ," ಎಂದರು ಹುಸೇನಸಾಬರು. "ಅರ್ಧಾ ಕೆರಿಯಾಗ ಅರ್ಧಾ ನೀರರೆ ನಿಲ್ಲತೈತಿ. ಅರ್ಧಾ ರಸ್ತಾದ ಮ್ಯಾಲ ಅರ್ಧಾ ಬಸ್ಸು ಬರತೈತೇನು?"

ಮಾತು ಸರಿಯಾಗಿತ್ತು. ನನ್ನ ಹಾಳೆಯೂ ಅದನ್ನೇ ಹೇಳುತ್ತಿತ್ತು. ಮನಸ್ಸಿನೊಳಗೆ ನನಗೂ ಅದೇ ಬೇಕಾಗಿತ್ತು, ಏಕೆಂದರೆ ಪಾರವ್ವನವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ರಸ್ತೆ ಅವರದೆಂದು ಊರಿಗೆಲ್ಲ ಗೊತ್ತಿತ್ತು. ಎಲ್ಲರೂ ಅವರ ಕಡೆ ತಿರುಗಿದರು.

ಪಾರವ್ವ ನನ್ನನ್ನು ಕೇಳಿದರು. "ಈಗ ತೋಡಿದಷ್ಟ ಬಿಟ್ರ ನೀರು ಎಲ್ಲಿ ತನಕಾ ಬರತೈತ್ರಿ?"

"ಮಳಿ ಚಲೋ ಆದ್ರ ಶಿವರಾತ್ರಿ ತನಕಾ."

"ಪೂರಾ ತೋಡಿದ್ರ?"

"ಮುಂದಿನ ಮಳಿ ತನಕಾ ಬರತೈತ್ರಿ."

"ಅಂದ್ರ ನಡುವ ಮೂರು ತಿಂಗಳು ಮತ್ತ ವರತಿ, ಮತ್ತ ಚಿಪ್ಪು." ಅವರು ಸೆರಗು ಸರಿಮಾಡಿಕೊಂಡರು. "ಮಡಿಕ್ಯಾಗ ಒಂದ ಸೇರು ಜ್ವಾಳ ಐತಿ ಅನ್ನ್ರಿ. ಬೀಸಿದ್ರ ರೊಟ್ಟಿ, ಒಡದ್ರ ನುಚ್ಚು. ಎರಡೂ ಹೊಟ್ಟಿತುಂಬ ಬೇಕಂದ್ರ ಆಗೂದಿಲ್ಲ. ಇದನ್ನ ಹೇಳಾಕ ನಿಮಗ ಗ್ರಾಫ್ ಹಾಳಿ ಬೇಕಾತೇನ್ರಿ ಸಾಹೇಬ್ರ?"

ಒಂದಿಬ್ಬರು ನಕ್ಕರು. ಪಾರವ್ವ ನಗಲಿಲ್ಲ.

"ಕೆರಿ ಮುಗಸ್ರಿ. ನನ್ನ ಹಾಲು ನಾ ಹೊತ್ತೇನು. ಊರ ನೀರು ಯಾರು ಹೊರತಾರ? ಎಮ್ಮಿನೂ ನೀರ ಕುಡದ ಹಾಲ ಕೊಡತಾವು."

ಹುಸೇನಸಾಬರು ತಲೆ ತಗ್ಗಿಸಿದರು. ಅವರ ಮೆಣಸಿನಕಾಯಿಯೂ ಆ ರಸ್ತೆಯ ಮೇಲೆಯೇ ಹೋಗಬೇಕಾಗಿತ್ತು. ಆದರೂ ಅವರು, "ಆತ್ರಿ, ಕೆರಿ" ಎಂದರು. ಪ್ರಧಾನರು ಹೂಂ ಎಂದರು. ಕಾರ್ಯದರ್ಶಿ ಠರಾವಿನ ಪುಸ್ತಕ ತೆರೆದು, ಉಳಿದ ದಿನಗಳಲ್ಲಿ ಕೆರೆಯ ಕೆಲಸ ಪೂರ್ತಿಗೊಳಿಸಲು ಸರ್ವಾನುಮತದಿಂದ ನಿರ್ಣಯಿಸಲಾಯಿತು ಎಂದು ಬರೆದು, ಓದಿ, ಸಹಿಗೆ ಪುಸ್ತಕವನ್ನು ಮುಂದೆ ಸರಿಸಿದರು.

ಪಾರವ್ವ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡವರು ಒತ್ತಲಿಲ್ಲ. "ಬಿಟ್ಟದ್ದನ್ನೂ ಬರೀರಿ," ಎಂದರು.

"ಏನ ಬಿಟ್ಟದ್ದು?"

"ರಸ್ತಾ."

ಕಾರ್ಯದರ್ಶಿ ವಯಸ್ಸಾದವರು, ನಿಯಮದ ಮನುಷ್ಯ. "ಠರಾವಿನ್ಯಾಗ ಮಾಡೂದು ಬರೀತಾರವ್ವಾ, ಬಿಡೂದನ್ನ ಬರಿಯೂ ಪದ್ಧತಿ ಇಲ್ಲ."

"ಮಾಡಿದ್ದು ಕೆರ್ಯಾಗ ಕಾಣತೈತ್ರಿ, ಬರೀದಿದ್ರೂ ನಡೀತೈತಿ. ಬಿಟ್ಟದ್ದು ಎಲ್ಲಿ ಕಾಣಬೇಕು? ಮುಂದಿನ ವರ್ಷ ನೀವೆಲ್ಲಾ ಮರತ ಬಿಡತೀರಿ. ಕೆಸರು ತುಳಿಯಾಕಿ ನಾ ಒಬ್ಬಾಕಿ ನೆನಪ ಇಟಗೊಂಡು ಏನ ಮಾಡ್ಲಿ?"

ಕಾರ್ಯದರ್ಶಿ ಲೇಖಣಿ ಕೆಳಗಿಟ್ಟರು. ಅದನ್ನು ನಾನು ಎತ್ತಿಕೊಂಡೆ. ತಪ್ಪು ನನ್ನದು, ಬರೆಯುವುದಾದರೂ ನನ್ನ ಕೈಯಿಂದ ಆಗಲಿ ಎನ್ನಿಸಿತು. ಊರ ರಸ್ತೆಯನ್ನು ಈ ವರ್ಷ ಕೈಬಿಡಲಾಗಿದೆ ಎಂದು ಬರೆದು ಓದಿದೆ.

"ಊರಂದು ಅಂತ ಬರೀಬ್ಯಾಡ್ರಿ, ಊರು ಅಂದ್ರ ಯಾರ ಮೈಗೂ ಹತ್ತೂದಿಲ್ಲ. ಯಾರದು ಬಿಟ್ಟಿತು, ಅವರ ಹೆಸರು ಹಾಕ್ರಿ."

ಹಾಕಿದೆ. ಬಿಟ್ಟದ್ದು: ಊರ ರಸ್ತೆ. ಪಾರವ್ವನವರ ಹಾಲಿನ ವ್ಯಾನು. ಹುಸೇನಸಾಬರ ಮೆಣಸಿನಕಾಯಿ ಗಾಡಿ. ದಿನಾ ನಡೆದು ಬರುವ ಶಾಲೆಯ ಮಾಸ್ತರರ ಒಣ ಚಪ್ಪಲಿ. ಕೊನೆಯದನ್ನು ಮಾಸ್ತರರೇ ಹೇಳಿ ಬರೆಸಿದರು. ಪಾರವ್ವ ಅದರ ಕೆಳಗೆ ಹೆಬ್ಬೆರಳು ಒತ್ತಿದರು.

ಆಮೇಲಿನ ದಿನಗಳಷ್ಟು ನೆಮ್ಮದಿಯ ದಿನಗಳನ್ನು ನನ್ನ ಮೂವತ್ತೈದು ವರ್ಷದ ನೌಕರಿಯಲ್ಲಿ ನಾನು ಮತ್ತೆ ಕಂಡಿಲ್ಲ. ಯಾವುದು ಆಗುವುದಿಲ್ಲವೆಂದು ಗೊತ್ತಾದ ಮೇಲೆ ಆಗುವುದನ್ನು ಮಾಡುವುದು ಎಷ್ಟು ಹಗುರ. ಮೂವತ್ತು ಗಾಡಿಗಳು ಒಂದರ ಹಿಂದೊಂದು ಕೆರೆಗೆ ಇಳಿದು, ಹಸಿ ಹೂಳು ಹೇರಿಕೊಂಡು, ಏರಿ ಹತ್ತಿ ಹೊಲಗಳಿಗೆ ಹೋಗುತ್ತಿದ್ದವು. ಆ ಹೂಳು ಬಿದ್ದ ಹೊಲ ಮೂರು ವರ್ಷ ಗೊಬ್ಬರ ಕೇಳುವುದಿಲ್ಲವೆಂದು ರೈತರು ಖುಷಿಯಾಗಿದ್ದರು. ಹತ್ತು ಗಂಟೆಗೆ ಎಲ್ಲರೂ ಏರಿಯ ಜಾಲಿಯ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ನನಗೆ ಒಬ್ಬರ ರೊಟ್ಟಿ, ಇನ್ನೊಬ್ಬರ ಝುಣಕ, ಮತ್ತೊಬ್ಬರ ಗುರೆಳ್ಳು ಚಟ್ನಿ. ಅಮ್ಮನ ರವಿವಾರದ ಊಟ ನೆನಪಾಗುವುದು ನಿಂತುಹೋಯಿತು. ಆ ಹೂಳಿನ ವಾಸನೆ ಅಂಗಿಗೆ, ತಲೆಗೂದಲಿಗೆ, ಹಾಸಿಗೆಗೆ ಹತ್ತಿತು. ಮನೆಗೆ ಹೋದಾಗ ಅಪ್ಪ, "ಎಲ್ಲಿ ಬಿದ್ದ ಎದ್ದ ಬಂದ್ಯೋ?" ಎಂದು ಕೇಳಿದರು.

ಸೋಮವಾರಗಳು ಇನ್ನೂ ಚಂದ. ನನಗೂ ಕೆಲಸವಿರುತ್ತಿರಲಿಲ್ಲ. ಹುಸೇನಸಾಬರ ಎತ್ತುಗಳ ಕೊಂಬಿಗೆ ಎಣ್ಣೆ ಹಚ್ಚಲು ಕಲಿತೆ. ಮಧ್ಯಾಹ್ನ ಪಾರವ್ವನವರ ಕಟ್ಟೆಯ ಮೇಲೆ ಕುಳಿತರೆ ಒಂದು ಚರಿಗೆ ಮಜ್ಜಿಗೆ ಬರುತ್ತಿತ್ತು. ರಸ್ತೆಯ ಮಾತನ್ನು ಅವರು ಎತ್ತುತ್ತಿರಲಿಲ್ಲ. ನಾನೇ ಒಂದು ಸಲ, "ನಿಮಗ ಮೋಸ ಆತ್ರಿ ಪಾರವ್ವಾರ" ಎಂದದ್ದಕ್ಕೆ, "ಮೋಸ ಅಲ್ರಿ, ಹಿಶೇಬ ತಪ್ಪಿತು. ಮಜ್ಜಗಿ ಕುಡೀರಿ" ಎಂದರು.

ಮೂವತ್ತೊಂಬತ್ತನೆಯ ದಿನ ಕೆರೆಯ ಕೆಲಸ ಮುಗಿಯಿತು. ನಲವತ್ತನೆಯದು ಸೋಮವಾರ, ಊರೆಲ್ಲ ನಿದ್ದೆ ಮಾಡಿತು. ಮಳೆ ಅದಾದ ವಾರದಲ್ಲಿ ಹಿಡಿದುಕೊಂಡಿತು. ಕೆರೆ ತುಂಬುವುದನ್ನು ನೋಡಲು ಜನ ಬಂದು ಏರಿಯ ಮೇಲೆ ಸುಮ್ಮನೆ ನಿಂತು ಹೋಗುತ್ತಿದ್ದರು. ಅತ್ತ ನನ್ನ ಮುಕ್ಕಾಲು ಮೈಲಿ ಗರಸಿನ ದಾರಿ ಹೊಲದ ನಟ್ಟನಡುವೆ ಬಂದು ಥಟ್ಟನೆ ನಿಂತಿತ್ತು. ಊರಿನವರು ಅದಕ್ಕೆ ಸಾಹೇಬ್ರ ರಸ್ತಾ ಎಂದು ಹೆಸರಿಟ್ಟರು. ಚಳಿಗಾಲದಲ್ಲಿ ಅದರ ಮೇಲೆ ಮೆಣಸಿನಕಾಯಿ ಒಣಗಿಸಿದರು. ಅದಕ್ಕೆ ಅಷ್ಟು ಚೆನ್ನಾದ ಜಾಗ ಸುತ್ತಲಿನ ಹತ್ತು ಹಳ್ಳಿಯಲ್ಲಿ ಇರಲಿಲ್ಲವೆಂದು ನನ್ನ ಸಮಾಧಾನಕ್ಕೆ ಹೇಳಿದರು.

ಆದರೆ ಚಳಿಗಾಲಕ್ಕೆ ಮೊದಲು ಆಷಾಢ ಬಂತು. ಎಮ್ಮೆಗಳೆರಡೂ ಈದವು. ಒಂದು ಕ್ಯಾನಿದ್ದದ್ದು ಎರಡಾಯಿತು. ಪಾರವ್ವ ಒಂದನ್ನು ತಲೆಯ ಮೇಲೆ, ಇನ್ನೊಂದನ್ನು ಕೈಯಲ್ಲಿ ಹಿಡಿದು ಹೋಗುವುದನ್ನು ನಾನು ಚಾವಡಿಯ ಕಿಟಕಿಯಿಂದ ನೋಡಿದೆ. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಹೋಗಿ ಕೈಯ ಕ್ಯಾನಿಗೆ ಕೈ ಹಾಕಿದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ತಕ್ಷಣ ಬಿಟ್ಟುಕೊಟ್ಟರು.

"ಹೊರ್ರಿ," ಎಂದರು. "ನಿಮ್ಮ ಸೋಮಾರ ಅದು."

ಹತ್ತು ಹೆಜ್ಜೆಗೇ ಕಾಲು ಮೊಳಕಾಲಿನವರೆಗೆ ಹೂತಿತು. ಒಂದು ಕಾಲನ್ನು ಕಿತ್ತುಕೊಳ್ಳುವಷ್ಟರಲ್ಲಿ ಇನ್ನೊಂದು ಇಳಿಯುತ್ತಿತ್ತು. ಕ್ಯಾನಿನ ಹಿಡಿಕೆ ಬೆರಳನ್ನು ಕೊಯ್ಯುತ್ತಿತ್ತು. ಹಾಳೆಯ ಮೇಲೆ ಏಳು ದಿನ ಎಂದು ಬರೆದದ್ದು ಕೈಯಲ್ಲಿ ಎಷ್ಟು ತೂಗುತ್ತದೆಂದು ಆ ಮುಕ್ಕಾಲು ಮೈಲಿಯಲ್ಲಿ ನನಗೆ ತಿಳಿಯಿತು. ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಹೇಳಲಾರೆ. ಗರಸು ಸುರುವಾಗುವಲ್ಲಿ ಪಾರವ್ವ ನಿಂತು, ಹೊಂಡದ ನೀರಿನಲ್ಲಿ ಕಾಲು ತೊಳೆದುಕೊಂಡರು. "ಇಲ್ಲಿಂದ ಸಾಹೇಬ್ರ ರಸ್ತಾ," ಎಂದು ನಕ್ಕರು. ಆ ಮಳೆಗಾಲ ಪೂರ್ತಿ, ನಾನು ಊರಲ್ಲಿದ್ದ ದಿನವೆಲ್ಲ, ಎರಡನೆಯ ಕ್ಯಾನು ನನ್ನದಾಯಿತು.

ಮುಂದಿನ ಬೇಸಿಗೆಗೆ ಮತ್ತೆ ಕೆಲಸ ಮಂಜೂರಾಯಿತು. ಕೆರೆಯಲ್ಲಿ ನೀರು ಇನ್ನೂ ತೆರೆ ಹೊಡೆಯುತ್ತಿತ್ತು. ಹೊಟ್ಟೆ ತುಂಬಿದ ಊರಿಗೆ ಈಗ ಊರ ಅಗಸಿಯ ಮೇಲೆ ಮನಸ್ಸಾಗಿತ್ತು. ಹಳೆಯ ಅಗಸಿ ಬಾಗಿಲನ್ನು ಕೆಡವಿ ಕಲ್ಲಿನ ಕಮಾನು ಕಟ್ಟಿಸಬೇಕು, ಬಾಜು ಊರಿನದಕ್ಕಿಂತ ಒಂದು ಮೊಳ ಎತ್ತರ ಇರಬೇಕು ಎಂದು ತರುಣರೆಲ್ಲ ಸಭೆಗೆ ತುಂಬಿ ಬಂದಿದ್ದರು. ಪ್ರಧಾನರು ಆಗಲೇ ಎರಡು ಸಲ ಹೂಂ ಎಂದಾಗಿತ್ತು. ಪಾರವ್ವ ಅದೇ ಕಂಬಕ್ಕೆ ಒರಗಿ ಕುಳಿತಿದ್ದರು.

ಕಾರ್ಯದರ್ಶಿ ಎದ್ದರು. ಹೊಸ ಕಾಮಗಾರಿ ತೆಗೆದುಕೊಳ್ಳುವ ಮೊದಲು ಹಳೆಯ ಠರಾವು ಓದಬೇಕು ಎಂಬುದು ನಿಯಮ, ಅವರು ನಿಯಮದ ಮನುಷ್ಯ. ಪದ್ಧತಿ ಇಲ್ಲ ಎಂದು ತಾವೇ ಬರೆಯಲೊಲ್ಲೆ ಎಂದಿದ್ದ ಸಾಲುಗಳನ್ನು ಅವರು ಕನ್ನಡಕ ಏರಿಸಿ, ಗಟ್ಟಿಯಾಗಿ, ಒಂದಕ್ಷರ ಬಿಡದೆ ಓದಿದರು. ಬಿಟ್ಟದ್ದು: ಊರ ರಸ್ತೆ. ಪಾರವ್ವನವರ ಹಾಲಿನ ವ್ಯಾನು. ಹುಸೇನಸಾಬರ ಮೆಣಸಿನಕಾಯಿ ಗಾಡಿ. ಮಾಸ್ತರರ ಒಣ ಚಪ್ಪಲಿ.

ಆ ಇಡೀ ವರ್ಷ ಕೆರೆಯ ನೀರು ಕುಡಿದವರೇ ಅಲ್ಲಿದ್ದವರೆಲ್ಲ. ಕಮಾನಿನ ಮಾತಾಡುತ್ತಿದ್ದ ತರುಣನೊಬ್ಬ ಮೆಲ್ಲಗೆ, "ಮೊದಲ ರಸ್ತಾ ಆಗ್ಲಿ ಬಿಡ್ರಿ" ಎಂದ. ಯಾರೂ ಬೇಡ ಎನ್ನಲಿಲ್ಲ. ಕಾರ್ಯದರ್ಶಿ ಹೊಸ ಪುಟ ತೆರೆದು ರಸ್ತೆಯ ಠರಾವು ಬರೆದರು. ಯಾರೂ ಹೇಳದೆಯೇ ಅದರ ಕೆಳಗೆ ಬರೆದರು. ಬಿಟ್ಟದ್ದು: ಅಗಸಿಯ ಕಮಾನು.

ಆ ಸಲ ನಾನು ಮೊದಲು ಎತ್ತುಗಳನ್ನು ಕೇಳಿದೆ. ಸೋಮವಾರಗಳನ್ನು ತೆಗೆದು, ಅಮಾವಾಸ್ಯೆ ತೆಗೆದು ಉಳಿದದ್ದರಲ್ಲಿ ಹಾಳೆ ಬರೆದೆ. ಮಳೆಗೆ ನಾಲ್ಕು ದಿನ ಇರುವಾಗ ಗರಸು ಊರ ಅಗಸಿಯನ್ನು ಮುಟ್ಟಿತು.

ಡೇರಿಯ ವ್ಯಾನು ಮೊದಲ ಸಲ ಊರೊಳಗೆ ಬಂದದ್ದು ಸೋಮವಾರ. ಅದಕ್ಕೆ ಬಸವಣ್ಣನ ವಾರದ ಹಂಗಿಲ್ಲ. ನೆರಳಲ್ಲಿ ಮಲಗಿದ್ದ ಎತ್ತುಗಳು ಹಾರ್ನಿನ ಸದ್ದಿಗೆ ಕಿವಿ ನಿಮಿರಿಸಿ ನೋಡಿ, ಮತ್ತೆ ಮೆಲುಕು ಹಾಕತೊಡಗಿದವು. ಡ್ರೈವರ್ ಪಾರವ್ವನವರ ಕಟ್ಟೆಯ ಮುಂದೆಯೇ ನಿಲ್ಲಿಸಿ ಹಿಂದಿನ ಬಾಗಿಲು ತೆರೆದ. ಹುಸೇನಸಾಬರು, ಮಾಸ್ತರರು, ಪ್ರಧಾನರು ಎಲ್ಲರೂ ಬಂದು ನಿಂತಿದ್ದರು. ಪಾರವ್ವ ಮೊದಲ ಕ್ಯಾನನ್ನು ತಾವೇ ಇಟ್ಟರು. ಎರಡನೆಯದನ್ನು ನನಗೆ ಕೊಟ್ಟರು.

ಕಟ್ಟೆಯಿಂದ ವ್ಯಾನಿಗೆ ನಾಲ್ಕು ಹೆಜ್ಜೆ. ಒಣ ನೆಲ. ನಾನು ಕ್ಯಾನು ಹಿಡಿದುಕೊಂಡು ಯಾಕೋ ಅಲ್ಲೇ ನಿಂತೆ. ಕಣ್ಣು ತುಂಬಿ ಬಂದಿದ್ದವು, ಅದನ್ನು ಮುಚ್ಚಿಡುವಷ್ಟು ಜಾಣತನ ಆಗ ಇರಲಿಲ್ಲ.

"ಇಳಸ್ರಿ ಸಾಹೇಬ್ರ," ಎಂದರು ಪಾರವ್ವ. "ನಿಮ್ಮ ಸೋಮಾರ ಇನ್ನ ಇಳಸ್ರಿ."

ನಾನು ಕ್ಯಾನನ್ನು ವ್ಯಾನಿನೊಳಗೆ ಇಟ್ಟೆ.